ದೋಣಿಯ ಸಿಂಕಿಗೆ ಸಮುದ್ರ ಏಕೆ ನುಗ್ಗುವುದಿಲ್ಲ?

ಮೇಷ್ಟ್ರುಗಳಿಗೆ ಒಂದು ಕೆಟ್ಟ ಅಭ್ಯಾಸವಿದೆ. ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳಲೇಬೇಕು ಎಂದುಕೊಳ್ಳುತ್ತೇವೆ. ಗಂಟೆ ಬಾರಿಸಲು ಎರಡು ನಿಮಿಷ ಉಳಿದಿದ್ದರಂತೂ ಈ ಅವಸರ ಇನ್ನೂ ಹೆಚ್ಚು. ನಾನೂ ಅಂಥದೊಂದು ಉತ್ತರ ಕೊಟ್ಟು ನಾಲ್ಕು ತಿಂಗಳು ಒದ್ದಾಡಿದೆ. ಅದರ ಕಥೆಯೇ ಈ ವಾರದ ಪಾಠ.

2025ರ ಜೂನ್ ತಿಂಗಳು, ಶಾಲೆ ಆಗಷ್ಟೇ ಶುರುವಾಗಿತ್ತು. ನಮ್ಮ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಗೋವಾಕ್ಕೆ ಮರಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. 2024ರ ಅಕ್ಟೋಬರ್ 2ರಂದು ಹೊರಟವರು ಮೇ ಕೊನೆಯಲ್ಲಿ ಹಿಂದಿರುಗಿದ್ದರು. ಹೆಚ್ಚುಕಡಿಮೆ ಎಂಟು ತಿಂಗಳು, 56 ಅಡಿ ಉದ್ದದ ದೋಣಿ, ಇಬ್ಬರೇ ಜನ. ಮಕ್ಕಳಿಗೆ ಕೇಳಿದಷ್ಟೂ ಸಾಲದು. ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು, ಇಬ್ಬರಿಗೂ ಒಟ್ಟಿಗೆ ನಿದ್ದೆ ಬಂದರೆ ದೋಣಿ ನಡೆಸುವವರು ಯಾರು, ಹೀಗೆ. ಅಡುಗೆಮನೆಯ ಮಾತು ಬಂತು. ಹಾಯಿದೋಣಿಯ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುವಂತೆ ಕೂರಿಸಿರುತ್ತಾರೆ, ದೋಣಿ ವಾಲಿದರೂ ಒಲೆಯ ಮೇಲಿನ ಪಾತ್ರೆ ನೆಟ್ಟಗೇ ಇರುತ್ತದೆ ಎಂದು ಹೇಳಿ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಆಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು.

‘ಸಾರ್, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?’

‘ಸಮುದ್ರಕ್ಕಮ್ಮ. ಇನ್ನೆಲ್ಲಿಗೆ?’

‘ಅಂದ್ರೆ ದೋಣಿಗೆ ತೂತು ಇರುತ್ತಾ ಸಾರ್?’

‘ಇರುತ್ತೆ.’

‘ನೀರಿನೊಳಗಿರೋ ಭಾಗದಲ್ಲೇ?’

‘ಎಷ್ಟೋ ದೋಣಿಗಳಲ್ಲಿ ಹೌದು.’

‘ಹಾಗಾದ್ರೆ ಅದೇ ತೂತಿನಿಂದ ಸಮುದ್ರ ಒಳಗೆ ಬರಲ್ವಾ?’

ಗಡಿಯಾರ ನೋಡಿದೆ. ಎರಡು ನಿಮಿಷ. ‘ಒಮ್ಮುಖ ವಾಲ್ವು ಅಂತ ಇರುತ್ತೆ. ನೀರನ್ನು ಹೊರಗೆ ಬಿಡುತ್ತೆ, ಒಳಗೆ ಬಿಡಲ್ಲ’ ಎಂದೆ. ಅವಳು ‘ಸರಿ ಸಾರ್’ ಎಂದು ಕುಳಿತಳು. ಮುಖ ಮಾತ್ರ ಸರಿ ಎನ್ನುತ್ತಿರಲಿಲ್ಲ. ಗಂಟೆ ಬಾರಿಸಿತು.

ದಸರಾ ರಜೆಯಲ್ಲಿ ಗೋವಾಕ್ಕೆ ಹೋಗುವ ಸಂದರ್ಭ ಬಂತು. ಬಹಳ ವರ್ಷಗಳ ಹಿಂದೆ ನಾನು ಕುಮಟಾ ಕಡೆ ಕೆಲಸದಲ್ಲಿದ್ದಾಗ ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗ ಈಗ ಅಲ್ಲಿ ಸಣ್ಣ ಹಾಯಿದೋಣಿಗಳ ರಿಪೇರಿ ಮಾಡುತ್ತಾನೆ. ಹುಡುಗ ಎಂದರೆ ಈಗ ನಲವತ್ತು ದಾಟಿದವನು. ಕೊನೆಯ ಬೆಂಚು, ವಿಜ್ಞಾನದಲ್ಲಿ ಮೂವತ್ತೈದಕ್ಕೆ ಮೂವತ್ತೈದೇ ತೆಗೆದವನು. ಅವನ ಪ್ರಗತಿಪತ್ರದಲ್ಲಿ ‘ಗಮನ ಸಾಲದು’ ಎಂದು ಬರೆದದ್ದು ನನಗೆ ನೆನಪಿರಲಿಲ್ಲ, ಅವನಿಗೆ ಇತ್ತು. ಅವನ ಮುಂದೆ ಒಮ್ಮುಖ ವಾಲ್ವಿನ ಮಾತು ತೆಗೆದೆ. ಜೋರಾಗಿ ನಕ್ಕುಬಿಟ್ಟ.

‘ಸಾರ್, ಸಿಂಕಿನ ಪೈಪಿಗೆ ಅಂಥ ವಾಲ್ವು ಹಾಕಿ ಅದನ್ನೇ ನಂಬಿ ಕೂತ್ರೆ ಮುಗೀತು. ಒಂದು ಅನ್ನದ ಅಗುಳು ಅದರ ಬಾಯಿಗೆ ಸಿಕ್ಕಿಕೊಂಡ್ರೆ ಸಾಕು, ಮುಚ್ಚೋದೇ ಇಲ್ಲ. ಅದಕ್ಕೆ ವಾಲ್ವೇ ಬೇಕಾಗಿಲ್ಲ ಸಾರ್. ನೀವೇ ಪಾಠ ಮಾಡಿದ್ರಲ್ಲ, ನೀರು ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತೆ ಅಂತ!’

ಮೂವತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಾ ಬಂದ ವಾಕ್ಯ. ಅದನ್ನು ನಾನು ದೋಣಿಯೊಳಕ್ಕೆ ಒಯ್ದೇ ಇರಲಿಲ್ಲ.

ಮನೆ ಕಟ್ಟುವ ಗಾರೆ ಮೇಸ್ತ್ರಿಗಳನ್ನು ನೀವು ನೋಡಿರುತ್ತೀರಿ. ಮಟ್ಟ ನೋಡಲು ಅವರು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಈ ಕಂಬಕ್ಕೂ ಇನ್ನೊಂದು ತುದಿಯನ್ನು ಆ ಕಂಬಕ್ಕೂ ಹಿಡಿಯುತ್ತಾರೆ. ಕೊಳವೆ ನಡುವೆ ನೆಲದ ಮೇಲೆ ಎಷ್ಟೇ ಸುರುಳಿ ಸುತ್ತಿಕೊಂಡಿರಲಿ, ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಈಗ ಆ ಕೊಳವೆಯ ಒಂದು ತುದಿ ಅರಬ್ಬಿ ಸಮುದ್ರ, ಇನ್ನೊಂದು ತುದಿ ಸಿಂಕಿನ ಕೆಳಗಿನ ಪೈಪು ಎಂದುಕೊಳ್ಳಿ. ದೋಣಿಯ ತಳದ ತೂತಿನಿಂದ ಸಮುದ್ರದ ನೀರು ಪೈಪಿನೊಳಕ್ಕೆ ಖಂಡಿತ ಬರುತ್ತದೆ, ಮೇಲಕ್ಕೂ ಏರುತ್ತದೆ. ಹೊರಗಿನ ಸಮುದ್ರದ ಮಟ್ಟಕ್ಕೆ ಬಂದೊಡನೆ ನಿಂತುಬಿಡುತ್ತದೆ. ಸಮುದ್ರ ಎಷ್ಟೇ ವಿಸ್ತಾರವಾಗಿದ್ದರೂ ಬೆರಳು ಗಾತ್ರದ ಪೈಪಿನಲ್ಲಿರುವ ನೀರನ್ನು ತನ್ನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿ ಹಿಡಿಯಲಾರದು. ಒತ್ತಡವನ್ನು ನಿರ್ಧರಿಸುವುದು ನೀರಿನ ಆಳ, ನೀರಿನ ರಾಶಿಯಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ತೂತು ಎಲ್ಲಿದೆ’ ಎಂಬುದಲ್ಲ, ‘ಸಿಂಕಿನ ತಳ ಎಲ್ಲಿದೆ’ ಎಂಬುದು. ಸಿಂಕಿನ ತಳ ಹೊರಗಿನ ನೀರಿನ ಗೆರೆಗಿಂತ ಮೇಲಿದ್ದರೆ ಸಮುದ್ರ ಪೈಪಿನ ಅರ್ಧದಲ್ಲೇ ನಿಂತಿರುತ್ತದೆ. ಕೆಳಗಿದ್ದರೆ ಸಿಂಕು ತುಂಬುತ್ತದೆ.

ಹಾಗಾದರೆ ಪಾತ್ರೆ ತೊಳೆದ ನೀರು ಹೊರಗೆ ಹೋಗುವುದು ಹೇಗೆ? ಸಿಂಕಿಗೆ ಒಂದು ಚೊಂಬು ನೀರು ಸುರಿದರೆ ಪೈಪಿನ ನೀರು ಸಮುದ್ರದ ಮಟ್ಟಕ್ಕಿಂತ ಮೇಲೇರುತ್ತದೆ. ಒಳಗಿನ ಕಂಬ ಈಗ ಎತ್ತರ, ಹೊರಗಿನದು ತಗ್ಗು. ಎತ್ತರದ್ದು ತಗ್ಗಿನದನ್ನು ತಳ್ಳಿ, ಮತ್ತೆ ಸಮವಾಗುವವರೆಗೆ ಹರಿಯುತ್ತದೆ. ನಮ್ಮ ಮನೆಯ ಸಿಂಕಿನ ಹಾಗೆ ಸರ್ರನೆ ಇಳಿಯುವುದಿಲ್ಲ. ಏಕೆಂದರೆ ತಳ್ಳುವ ಎತ್ತರ ಅನೇಕ ದೋಣಿಗಳಲ್ಲಿ ಗೇಣುದ್ದವೇ. ಅದಕ್ಕಾಗಿಯೇ ಪೈಪು ದಪ್ಪನಾಗಿರಬೇಕು, ತಿರುವು ಕಡಿಮೆ ಇರಬೇಕು, ದಾರಿ ಎಲ್ಲೂ ಮೇಲೇರದೆ ಇಳಿಯುತ್ತಲೇ ಹೋಗಬೇಕು.

ಇನ್ನೊಂದು ಸಣ್ಣ ಸಂಗತಿ, ಲೆಕ್ಕ ಇಷ್ಟಪಡುವವರಿಗೆ ಮಾತ್ರ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡ 2.5ರಷ್ಟು ಹೆಚ್ಚು ಸಾಂದ್ರ. ತೂತು ನೀರಿನ ಗೆರೆಯಿಂದ 40 ಸೆಂಟಿಮೀಟರ್ ಕೆಳಗಿದ್ದು, ಪೈಪಿನ ತುಂಬ ಸಿಹಿನೀರೇ ಇದ್ದರೆ, ಅದು ಸಮುದ್ರದ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಅಷ್ಟರಿಂದ ಯಾವ ಸಿಂಕೂ ತುಂಬುವುದಿಲ್ಲ ಬಿಡಿ.

ಇದನ್ನು ಮನೆಯಲ್ಲೇ ನೋಡಬಹುದು. ಹತ್ತು ಸೆಂಟಿಮೀಟರ್ ಆಳದ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ, ಚೌಕಾಕಾರದ್ದಾದರೆ ಒಳ್ಳೆಯದು. ತಳದ ಒಂದು ಮೂಲೆಯಲ್ಲಿ ಕಾದ ಮೊಳೆಯಿಂದ ತೂತು ಮಾಡಿ (ಈ ಕೆಲಸ ಅಪ್ಪನದೋ ಅಮ್ಮನದೋ ಆಗಿರಲಿ). ಪಾರದರ್ಶಕ ಬಾಲ್‌ಪೆನ್ನಿನ ರೀಫಿಲ್ಲನ್ನೂ ಹಿಂದಿನ ಬಿರಡೆಯನ್ನೂ ತೆಗೆದು, ಖಾಲಿ ಕೊಳವೆಯನ್ನು ಆ ತೂತಿಗೆ ಒಳಗಿನಿಂದ ನೆಟ್ಟಗೆ ಸಿಕ್ಕಿಸಿ. ಸುತ್ತ ಎಂ-ಸೀಲ್ ಮೆತ್ತಿ ಒಣಗಲು ಬಿಡಿ. ಕೆಲವು ಪೆನ್ನುಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದಕ್ಕೆ ಟೇಪು ಅಂಟಿಸಲು ಮರೆಯಬೇಡಿ, ನಾನು ಮರೆತು ಮೊದಲ ದೋಣಿಯನ್ನು ಮುಳುಗಿಸಿದೆ.

ಡಬ್ಬವನ್ನು ಬಕೆಟ್ಟಿನ ನೀರಿನಲ್ಲಿ ತೇಲಿಸಿ, ಅರ್ಧದವರೆಗೆ ಮುಳುಗುವಷ್ಟು ಕಲ್ಲು ಹಾಕಿ. ಕೊಳವೆಯೊಳಗೆ ನೀರು ಏರಿ, ಹೊರಗಿನ ಮಟ್ಟಕ್ಕೆ ಬಂದು ನಿಲ್ಲುವುದನ್ನು ನೋಡಿ. ದೋಣಿಯ ತಳದಲ್ಲಿ ತೂತಿದೆ, ಆದರೂ ಒಳಗೆ ಒಂದು ಹನಿ ನೀರಿಲ್ಲ! ಕೊಳವೆಯ ಬಾಯಿಂದ ಇಂಕ್ ಫಿಲ್ಲರಿನಲ್ಲಿ ಬಣ್ಣದ ನೀರು ಬಿಡಿ. ಅದು ಇಳಿದು ಹೋಗಿ ಕೆಳಗಿನಿಂದ ಬಣ್ಣದ ಮೋಡದಂತೆ ಹೊರಬರುತ್ತದೆ. ಆಮೇಲೆ ಡಬ್ಬವನ್ನು ಹೊರತೆಗೆದು, ಕೊಳವೆಯನ್ನು ನೀರಿನ ಗೆರೆಗಿಂತ ಒಂದು ಸೆಂಟಿಮೀಟರ್ ಮೇಲಕ್ಕೆ ಬರುವಂತೆ ಕತ್ತರಿಸಿ ಮತ್ತೆ ತೇಲಿಸಿ. ಕೊಳವೆ ಇರುವ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಬುಳಬುಳನೆ ನೀರು ಒಳಗೆ ಬರುತ್ತದೆ. ಎದುರಿನ ಮೂಲೆಯನ್ನು ಒತ್ತಿ, ಏನೂ ಆಗುವುದಿಲ್ಲ.

ಈ ಕೊನೆಯ ಪ್ರಯೋಗವೇ ಹಾಯಿದೋಣಿಯವರ ನಿತ್ಯದ ತಲೆನೋವು.

ಹಾಯಿಗೆ ಗಾಳಿ ಬಡಿದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ಹದಿನೈದು ಇಪ್ಪತ್ತು ಡಿಗ್ರಿ ವಾಲುವುದು ಅವರಿಗೆ ಸಾಮಾನ್ಯ ಸಂಗತಿ, ಹಾಗೆಯೇ ದಿನಗಟ್ಟಲೆ ಸಾಗುತ್ತಾರೆ. ನನ್ನ ಶಿಷ್ಯ ಮರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದ. ದೋಣಿಯ ನಡುಗೆರೆಯಿಂದ ಸಿಂಕು 1.2 ಮೀಟರ್ ಬಲಕ್ಕಿದೆ ಎನ್ನೋಣ. ದೋಣಿ ನೆಟ್ಟಗಿರುವಾಗ ಸಿಂಕಿನ ತಳ ನೀರಿಗಿಂತ 25 ಸೆಂಟಿಮೀಟರ್ ಮೇಲಿದೆ. ದೋಣಿ 20 ಡಿಗ್ರಿ ಬಲಕ್ಕೆ ವಾಲಿತು. 20 ಡಿಗ್ರಿಯ ಸೈನ್ 0.342. 1.2 ಮೀಟರನ್ನು ಇದರಿಂದ ಗುಣಿಸಿದರೆ 41 ಸೆಂಟಿಮೀಟರ್. ಸಿಂಕು ಸುಮಾರು ಅಷ್ಟು ಕೆಳಗಿಳಿಯಿತು. ಅಂದರೆ ಅದರ ತಳ ಈಗ ಸಮುದ್ರದ ಮಟ್ಟಕ್ಕಿಂತ 16 ಸೆಂಟಿಮೀಟರ್ ಕೆಳಗೆ! ಸಿಂಕಿನ ಆಳವೇ ಅಷ್ಟಿದ್ದರೆ ಅದು ಕಂಠಪೂರ್ತಿ ತುಂಬಿ ನಿಂತಿರುತ್ತದೆ. ಇನ್ನೆರಡು ಡಿಗ್ರಿ ವಾಲಿದರೆ ಅಂಚು ದಾಟಿ ಕೋಣೆಯೊಳಕ್ಕೆ. ಸೈನ್ ಕೋಷ್ಟಕದಿಂದ ಏನು ಪ್ರಯೋಜನ ಎಂದು ಪ್ರತಿವರ್ಷ ಕೇಳುವ ಹತ್ತನೇ ತರಗತಿಯವರು ಈ ಪ್ಯಾರಾವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಅದೇ ದೋಣಿ ಎಡಕ್ಕೆ ವಾಲಿದಾಗ ಅದೇ ಸಿಂಕು ಸಮುದ್ರಕ್ಕಿಂತ ಬಹಳ ಮೇಲಿರುತ್ತದೆ, ನೀರು ಸೊಗಸಾಗಿ ಇಳಿದುಹೋಗುತ್ತದೆ. ಹೀಗಾಗಿ ಗಾಳಿ ಒಂದು ಕಡೆಯಿಂದ ಬೀಸುತ್ತಿದ್ದಾಗ ಸಿಂಕು ಒಳ್ಳೆಯದು, ದೋಣಿ ದಿಕ್ಕು ಬದಲಿಸಿ ಇನ್ನೊಂದು ಮಗ್ಗುಲಿಗೆ ವಾಲಿತೆಂದರೆ ಕೆಟ್ಟದ್ದು. ಬುದ್ಧಿವಂತರಾದ ದೋಣಿ ಕಟ್ಟುವವರು ಸಿಂಕನ್ನು ಆದಷ್ಟು ನಡುಗೆರೆಯ ಹತ್ತಿರ ಕೂರಿಸುತ್ತಾರೆ. ಏತದ ಮರ ಆಡುವಾಗ ತುದಿಯಲ್ಲಿ ಕೂತವನಿಗೂ ನಡುವೆ ಕೂತವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ನಡುವೆ ಜಾಗವಿಲ್ಲದೆ ಪಕ್ಕದಲ್ಲಿ ಕೂರಿಸಿದ್ದರೆ, ಆ ಮಗ್ಗುಲಿಗೆ ವಾಲಿ ಸಾಗುವಾಗ ಪೈಪಿನ ಬುಡದ ವಾಲ್ವನ್ನು ಕೈಯಿಂದ ಮುಚ್ಚಬೇಕು.

ಅಲೆಯ ಮೇಲೆ ದೋಣಿ ಏರಿಳಿಯುವಾಗ ಪೈಪಿನೊಳಗಿನ ನೀರೂ ಏರಿಳಿಯುತ್ತದೆ. ಸಿಂಕಿನಿಂದ ಗೊರಗೊರ ಸದ್ದು ಬರುತ್ತದೆ. ರಾತ್ರಿ ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಾರಂತೆ.

ಇಲ್ಲಿ ನಮ್ಮ ಮನೆಯ ಸಿಂಕಿನ ಒಂದು ಮಾತು ಬೇಕು. ಅಡಿಯಲ್ಲಿ ಬಗ್ಗಿ ನೋಡಿದರೆ ಪೈಪು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಿ ಹೋಗಿರುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿದ್ದು, ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಶೌಚಾಲಯಕ್ಕೆ ಇಂಥ ಬಾಗನ್ನು ಅಳವಡಿಸಿ ಪೇಟೆಂಟ್ ಪಡೆದ. ದೋಣಿಯ ಸಿಂಕಿನ ಅಡಿಯಲ್ಲಿ ಸಾಮಾನ್ಯವಾಗಿ ಈ ಬಾಗು ಇರುವುದಿಲ್ಲ. ಅಲ್ಲಿ ಪೈಪಿನ ಆಚೆ ಇರುವುದು ಚರಂಡಿಯಲ್ಲ, ಕಡಲು. ಬಾಗು ಇಟ್ಟರೆ ಜಿಡ್ಡು, ಅಗುಳು ಅಲ್ಲೇ ಕೂತು ಕೊಳೆಯುತ್ತದೆ ಅಷ್ಟೆ. ಮನೆಯಲ್ಲಿ ಗುಣವಾದದ್ದು ದೋಣಿಯಲ್ಲಿ ದೋಷ. ಊರಿನ ಪ್ಲಂಬರನ್ನು ಕರೆದು ದೋಣಿಯ ಕೆಲಸ ಕೊಟ್ಟರೆ ಆಗುವ ಎಡವಟ್ಟುಗಳಲ್ಲಿ ಇದು ಮೊದಲನೆಯದು ಎಂದು ಶಿಷ್ಯ ಹೇಳಿದ. ಎರಡನೆಯದನ್ನು ಮುಂದೆ ಹೇಳುತ್ತೇನೆ.

ಕೆಲವು ದೋಣಿಗಳಲ್ಲಿ ಸಿಂಕು, ಮುಖ್ಯವಾಗಿ ಸ್ನಾನದ ಜಾಗದ ನೆಲ, ನೀರಿನ ಗೆರೆಗಿಂತ ಕೆಳಗೇ ಇರುತ್ತದೆ. ಅಲ್ಲಿ ತಾನಾಗಿ ಇಳಿದುಹೋಗುವ ಮಾತೇ ಇಲ್ಲ. ನೀರು ಒಂದು ಸಣ್ಣ ಪೆಟ್ಟಿಗೆಗೆ ಇಳಿಯುತ್ತದೆ. ಪೆಟ್ಟಿಗೆ ತುಂಬಿದಾಗ ಒಂದು ತೇಲುಬುರುಡೆ ಮೇಲೆದ್ದು ಸ್ವಿಚ್ ಒತ್ತುತ್ತದೆ, ಪಂಪು ನೀರನ್ನು ಎತ್ತಿ ಹೊರಗೆ ಹಾಕುತ್ತದೆ. ನಮ್ಮ ಮಹಡಿಯ ಟ್ಯಾಂಕಿನ ತೇಲುಬುರುಡೆಯ ಸೋದರನೇ, ಕೆಲಸ ಮಾತ್ರ ತಿರುವುಮುರುವು.

ಪಂಪು ಇದೆಯಲ್ಲ, ಇನ್ನೇನು ಚಿಂತೆ ಎನ್ನಬೇಡಿ. ಚಿಂತೆ ಶುರುವಾಗುವುದು ಪಂಪು ನಿಂತ ಮೇಲೆ. ಹೊರಹೋಗುವ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ, ಪೈಪಿನ ತುಂಬ ನೀರಿದೆ, ಪೆಟ್ಟಿಗೆ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಪೈಪನ್ನು ನಡುವೆ ಮೇಲಕ್ಕೆ ಎತ್ತಿ ಕಮಾನಿನಂತೆ ಬಾಗಿಸಿದ್ದರೂ ಪ್ರಯೋಜನವಿಲ್ಲ. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯುವಾಗ ಬಾಯಿಂದ ಒಮ್ಮೆ ಎಳೆದುಬಿಟ್ಟರೆ ಆಮೇಲೆ ತಾನಾಗಿಯೇ ಸುರಿಯುತ್ತದಲ್ಲ, ಅದೇ ಸೈಫನ್. ಇಲ್ಲಿ ಆ ಮೊದಲ ಎಳೆತವನ್ನು ಪಂಪೇ ಮಾಡಿಕೊಟ್ಟಿದೆ. ಈಗ ಸಮುದ್ರ ಕಮಾನನ್ನು ಹತ್ತಿ ಇಳಿದು ಒಳಗೆ ಸುರಿಯತೊಡಗುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ.

ಇದಕ್ಕೆ ಮದ್ದು ತೀರ ಸರಳ. ಕಮಾನಿನ ನೆತ್ತಿಯಲ್ಲಿ ಒಂದು ಸಣ್ಣ ಗಾಳಿಕಿಂಡಿ. ಪಂಪು ನಡೆಯುವಾಗ ಒಳಗಿನ ಒತ್ತಡಕ್ಕೆ ಕಿಂಡಿ ಮುಚ್ಚಿಕೊಳ್ಳುತ್ತದೆ. ಪಂಪು ನಿಂತು ನೀರು ಹಿಂದಕ್ಕೆ ಎಳೆಯಲಾರಂಭಿಸಿದಾಗ ನೆತ್ತಿಯಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ, ಕಿಂಡಿ ತೆರೆದು ಗಾಳಿ ಒಳಬರುತ್ತದೆ. ನೀರಿನ ಸರಪಣಿ ಎರಡು ತುಂಡಾಗಿ, ಒಂದು ತುಂಡು ಸಮುದ್ರದ ಕಡೆಗೆ, ಇನ್ನೊಂದು ಪೆಟ್ಟಿಗೆಗೆ. ಅಲ್ಲಿಗೆ ಸೈಫನ್ ಸತ್ತಿತು. ಎರಡು ಬಕೆಟ್ಟು, ಒಂದು ರಬ್ಬರ್ ಕೊಳವೆ ಇಟ್ಟುಕೊಂಡು ಸೈಫನ್ ನಡೆಸಿ, ನಡುನೆತ್ತಿಯಲ್ಲಿ ಗುಂಡುಸೂಜಿಗಿಂತ ಸ್ವಲ್ಪ ದೊಡ್ಡ ತೂತು ಮಾಡಿ ನೋಡಿ. ಇಲ್ಲಿ ಗಮನಿಸಬೇಕಾದ್ದು, ಕಮಾನಿನ ನೆತ್ತಿ ದೋಣಿ ಎಷ್ಟೇ ವಾಲಿದರೂ ಸಮುದ್ರದ ಮಟ್ಟಕ್ಕಿಂತ ಮೇಲಿರಬೇಕು. ಕಿಂಡಿಯಲ್ಲಿ ಉಪ್ಪು ಹೆಪ್ಪುಗಟ್ಟಿದರೆ ಅದು ಇದ್ದೂ ಇಲ್ಲದಂತೆ. ಆಗಾಗ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು.

ಈಗ ವಾಲ್ವಿನ ವಿಚಾರ. ದೋಣಿಯ ಮೈಯಲ್ಲಿ ನೀರಿನ ಗೆರೆಗಿಂತ ಕೆಳಗಿರುವ ಪ್ರತಿಯೊಂದು ತೂತಿಗೂ ಒಳಗಡೆ ಒಂದು ವಾಲ್ವು ಇರುತ್ತದೆ. ಸೀಕಾಕ್ ಎನ್ನುತ್ತಾರೆ. ಅದು ನಾನು ಹೇಳಿದ ಒಮ್ಮುಖದ ವಾಲ್ವು ಅಲ್ಲ, ಕೈಯಿಂದ ತಿರುಗಿಸುವಂಥದ್ದು. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಕತ್ತಲಲ್ಲಿ ಕೈಯಾಡಿಸಿದರೂ ತಿಳಿಯುವ ಏರ್ಪಾಟು. ಪಕ್ಕದಲ್ಲಿ ಮೊನಚಾದ ಮೆದುಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿ ನೇತುಹಾಕಿರುತ್ತಾರೆ. ವಾಲ್ವೇ ಮುರಿದರೆ ಆ ಬೆಣೆಯನ್ನು ತೂತಿಗೆ ಬಡಿಯಬೇಕು. ನೆನೆದ ಮರ ಉಬ್ಬಿ ಬಿಗಿಯಾಗುತ್ತದೆ. ಇಷ್ಟೆಲ್ಲ ಲೋಹ, ರಬ್ಬರು, ವಿದ್ಯುತ್ತಿನ ನಡುವೆ ಕೊನೆಯ ಕಾವಲುಗಾರ ಒಂದು ಮರದ ತುಂಡು ಎಂಬುದು ನನಗೆ ಬಹಳ ಹಿಡಿಸಿತು.

ಊರಿನ ಪ್ಲಂಬರ್ ಮಾಡುವ ಎರಡನೆಯ ಎಡವಟ್ಟು ಇಲ್ಲಿಯೇ. ಆತ ಅಂಗಡಿಯ ಹಿತ್ತಾಳೆ ವಾಲ್ವು ತಂದು ಕೂರಿಸುತ್ತಾನೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇದೆ. ಉಪ್ಪುನೀರಿನಲ್ಲಿ ಸತು ಮೆಲ್ಲಮೆಲ್ಲಗೆ ಕರಗಿಹೋಗಿ, ಗುಲಾಬಿ ಬಣ್ಣದ, ಸ್ಪಂಜಿನಂಥ ತಾಮ್ರ ಮಾತ್ರ ಉಳಿಯುತ್ತದೆ. ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ಶಿಷ್ಯ ಅಂಥದೊಂದನ್ನು ನನ್ನ ಕೈಗೆ ಕೊಟ್ಟು ‘ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಾರ್’ ಎಂದ. ಬಿಸ್ಕತ್ತಿನ ಹಾಗೆ ಮುರಿಯಿತು. ಅದಕ್ಕಾಗಿಯೇ ತಾಮ್ರ ಮತ್ತು ತವರದ ಕಂಚು, ಇಲ್ಲವೇ ಸತು ಕರಗದಂತೆ ವಿಶೇಷವಾಗಿ ತಯಾರಿಸಿದ ಹಿತ್ತಾಳೆ, ಇಲ್ಲವೇ ಗಾಜಿನ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕು ಬಳಸುತ್ತಾರೆ. ಪೈಪನ್ನು ವಾಲ್ವಿಗೆ ಬಿಗಿಯಲು ಒಂದಲ್ಲ ಎರಡು ಕ್ಲಾಂಪು, ಎರಡೂ ತುಕ್ಕು ಹಿಡಿಯದ ಉಕ್ಕಿನವು.

ಒಂದು ಕ್ಲಾಂಪು ಸಾಲದೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಈ ಕಥೆ ಹೇಳಿದ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಹಾಯಿದೋಣಿಯ ಮಾಲೀಕರು ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಹೊಳೆಯಲ್ಲಿ ಲಂಗರಿಗೆ ಕಟ್ಟಿ ಊರಿಗೆ ಹೋದರು. ನೋಡಿಕೊಳ್ಳುವ ಜವಾಬ್ದಾರಿ ಇವನದು. ಇವನು ಎಲ್ಲ ಸೀಕಾಕ್‌ಗಳನ್ನು ಮುಚ್ಚಿದ, ಸಿಂಕಿನದೊಂದನ್ನು ಬಿಟ್ಟು. ಅದು ಸಾಮಾನಿನ ಹಿಂದೆ ಮರೆಯಾಗಿತ್ತು. ಸಿಂಕು ನೀರಿಗಿಂತ ಮೇಲಿದೆ, ತೆರೆದಿದ್ದರೂ ಏನಾಗುತ್ತದೆ ಎಂದುಕೊಂಡ. ಲೆಕ್ಕ ಸರಿಯೇ. ಆದರೆ ಆ ಪೈಪಿಗೆ ಇದ್ದದ್ದು ಒಂದೇ ಕ್ಲಾಂಪು, ಅದೂ ತುಕ್ಕು ಹಿಡಿದದ್ದು. ಒಂದು ದಿನ ಅದು ತುಂಡಾಗಿ ಪೈಪು ಅರ್ಧ ಜಾರಿತು. ನೀರು ಏರಿ ನಿಲ್ಲಬೇಕಾದ ಕೊಳವೆಯೇ ಬಾಯಿ ಬಿಟ್ಟಿತು.

ದೋಣಿಯ ತಳದಲ್ಲಿ ಒಂದು ಪಂಪಿತ್ತು, ಗಂಟೆಗೆ ಎರಡು ಸಾವಿರ ಲೀಟರಿನದು. ಸೋರಿಕೆ ಅದಕ್ಕಿಂತ ಕಡಿಮೆ ಇದ್ದುದರಿಂದ ಅದು ದಣಿವಿಲ್ಲದೆ ನೀರನ್ನು ಹೊರಗೆ ಹಾಕುತ್ತಲೇ ಇತ್ತು. ಪಂಪಿಗೆ ಎರಡು ಆಂಪಿಯರ್ ಬೇಕು, ಬ್ಯಾಟರಿ ನೂರು ಆಂಪಿಯರ್-ಗಂಟೆಯದು. ಭಾಗಿಸಿ ನೋಡಿ, ಐವತ್ತು ಗಂಟೆ, ಅಂದರೆ ಎರಡು ದಿನ. ದಡದಿಂದ ನೋಡಿದವರಿಗೆ ಆ ಎರಡು ದಿನ ದೋಣಿ ಎಂದಿನಂತೆಯೇ ತೇಲುತ್ತಿತ್ತು. ಮೂರನೆಯ ದಿನ ಬ್ಯಾಟರಿ ಬರಿದಾಯಿತು. ಒಳಗೆ ನೀರು ತುಂಬಿದಂತೆ ದೋಣಿ ತಗ್ಗಿತು. ದೋಣಿ ತಗ್ಗಿದಂತೆ ನೀರಿನ ಗೆರೆ ಮೇಲೇರಿತು. ಕೊನೆಗೆ ಸಿಂಕಿನ ಅಂಚೇ ಸಮುದ್ರಮಟ್ಟಕ್ಕಿಂತ ಕೆಳಗೆ ಬಂದು, ಅಷ್ಟು ದಿನ ನಿರುಪದ್ರವಿಯಾಗಿದ್ದ ಸಿಂಕಿನ ಬಾಯಿಂದಲೂ ನೀರು ಉಕ್ಕತೊಡಗಿತು. ನಿಮ್ಮ ಡಬ್ಬದಲ್ಲಿ ಕಲ್ಲು ಹೆಚ್ಚಿಸುತ್ತಾ ಹೋದರೆ ಇದೇ ಆಗುತ್ತದೆ. ಬೆಳಗ್ಗೆ ಮೀನಿಗೆ ಹೋದವರು ನೋಡಿದಾಗ ನೀರಿನ ಮೇಲೆ ಕೂವೆಮರ ಮತ್ತು ಛಾವಣಿಯ ಒಂದಂಚು ಮಾತ್ರ ಕಾಣುತ್ತಿತ್ತು. ಒಳಗೆ ಯಾರೂ ಮಲಗಿರಲಿಲ್ಲ, ಅದೇ ಪುಣ್ಯ.

‘ಅದನ್ನು ಮುಚ್ಚಬೇಕಾದವನು ನಾನೇ ಸಾರ್’ ಎಂದ. ಮಾಲೀಕರು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದ. ಈಗ ಅವನು ಪ್ರತಿ ದೋಣಿಯ ಬಾಗಿಲ ಹಿಂದೆ ತೂತುಗಳ ನಕ್ಷೆ ಅಂಟಿಸುತ್ತಾನೆ, ವಾಲ್ವು ಮುಚ್ಚಿದಾಗಲೆಲ್ಲ ಅದಕ್ಕೊಂದು ಕೆಂಪು ಬಟ್ಟೆ ಕಟ್ಟುತ್ತಾನೆ, ಬಟ್ಟೆಗಳನ್ನು ಎಣಿಸದೆ ದೋಣಿಯಿಂದ ಇಳಿಯುವುದಿಲ್ಲ. ಪ್ರಗತಿಪತ್ರದಲ್ಲಿ ನಾನು ಬರೆದಿದ್ದ ಮಾತನ್ನು ಆಗಲೇ ಅವನು ನನಗೆ ನೆನಪಿಸಿದ್ದು. ನಾನು ಏನೂ ಹೇಳಲಿಲ್ಲ.

ಅಂದು ರಾತ್ರಿ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಪೈಪು ಅರ್ಧವಲ್ಲ, ಪೂರ್ತಿ ಕಳಚಿದ್ದರೆ? ತೂತಿನ ವ್ಯಾಸ 38 ಮಿಲಿಮೀಟರ್, ನೀರಿನ ಗೆರೆಯಿಂದ 60 ಸೆಂಟಿಮೀಟರ್ ಕೆಳಗೆ. ಟಾರಿಚೆಲ್ಲಿಯ ನಿಯಮದಂತೆ ವೇಗ 2gh ಎಂಬುದರ ವರ್ಗಮೂಲ, ಸೆಕೆಂಡಿಗೆ ಸುಮಾರು 3.4 ಮೀಟರ್. ತೂತಿನ ವಿಸ್ತೀರ್ಣದಿಂದ ಗುಣಿಸಿ, ಅಂಚಿನಲ್ಲಿ ಧಾರೆ ಕುಗ್ಗುವುದಕ್ಕೆ ಶೇಕಡ 40 ಕಳೆದರೂ ಸೆಕೆಂಡಿಗೆ ಎರಡು ಲೀಟರಿಗೂ ಹೆಚ್ಚು. ಸ್ನಾನದ ಬಕೆಟ್ಟು ಏಳು ಸೆಕೆಂಡಿನಲ್ಲಿ ತುಂಬುತ್ತದೆ. ಗಂಟೆಗೆ ಎಂಟು ಟನ್. ಆ ಪಂಪಿನಂಥ ನಾಲ್ಕು ಪಂಪು ಇಟ್ಟರೂ ಏಗಲಾರವು.

ರಜೆ ಮುಗಿದು ಶಾಲೆ ಶುರುವಾದ ದಿನ ಬಕೆಟ್ಟು, ಡಬ್ಬ, ಪೆನ್ನಿನ ಕೊಳವೆ ಹಿಡಿದು ಒಂಬತ್ತನೇ ತರಗತಿಗೆ ಹೋದೆ. ‘ಜೂನ್‌ನಲ್ಲಿ ನಾನು ಹೇಳಿದ ಉತ್ತರ ತಪ್ಪು’ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಯಾವ ಉತ್ತರ ಎಂಬುದೇ ಹೆಚ್ಚಿನವರಿಗೆ ನೆನಪಿರಲಿಲ್ಲ. ಆ ಹುಡುಗಿಗೆ ಇತ್ತು. ಅವಳನ್ನೇ ಕರೆದು ಡಬ್ಬ ತೇಲಿಸಲು ಹೇಳಿದೆ. ಕೊಳವೆಯಲ್ಲಿ ನೀರು ಏರಿ ನಿಂತದ್ದನ್ನು ಬಗ್ಗಿ ಬಹಳ ಹೊತ್ತು ನೋಡಿದಳು. ಮೂಲೆಯನ್ನು ಒತ್ತಿ ನೀರು ಉಕ್ಕಿಸಿದಳು, ಬಿಟ್ಟಳು, ಮತ್ತೆ ಒತ್ತಿದಳು.

‘ಸಾರ್, ನಮ್ಮ ಅಜ್ಜಿ ಮನೆ ತಗ್ಗಿನಲ್ಲಿದೆ. ಜೋರು ಮಳೆ ಬಂದ್ರೆ ಬಚ್ಚಲು ತೂಬಿನಿಂದಲೇ ನೀರು ಮೇಲೆ ಬರುತ್ತೆ. ಅದೂ ಇದೇನಾ?’

‘ಇದೇ ಅನ್ನಿಸುತ್ತಮ್ಮ.’

‘ಹಾಗಾದ್ರೆ ಅಲ್ಲೂ ಒಂದು ಸೀಕಾಕ್ ಹಾಕಿಸಿದ್ರೆ?’

ಗಡಿಯಾರ ನೋಡಿದೆ. ಈ ಸಲವೂ ಎರಡೇ ನಿಮಿಷ. ಉತ್ತರ ಹೇಳಲಿಲ್ಲ. ಬಚ್ಚಲಿನ ನೆಲ ಎಷ್ಟು ಎತ್ತರ, ಬೀದಿಯ ಚರಂಡಿ ತುಂಬಿದಾಗ ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲು ಅಳೆಯಬೇಕು. ಬರುವ ಭಾನುವಾರ ಮೇಸ್ತ್ರಿಯೊಬ್ಬರ ಮಟ್ಟದ ಕೊಳವೆ ಎರವಲು ತಂದು ಅವಳ ಅಜ್ಜಿಯ ಮನೆಗೆ ಹೋಗುವವರಿದ್ದೇವೆ, ಅವಳೂ, ಅವಳ ಅಪ್ಪನೂ, ನಾನೂ.